ಬೂದಿದಿಬ್ಬದ ದಡ್ಡಿ

ಜೆಸಿಬಿ ಎರಡನೇ ಸಲ ದಿಬ್ಬಕ್ಕೆ ಬಾಯಿ ಹಾಕುವಷ್ಟರಲ್ಲಿ ಶಂಕ್ರಮ್ಮ ಕುರಿಗಳನ್ನು ಹೊಲದಲ್ಲೇ ಬಿಟ್ಟು ಓಡಿ ಬಂದು ಅಡ್ಡ ನಿಂತಳು.

"ಬಂದ್ ಮಾಡೋ ಅದನ್ನ!"

ಶಹಾಪುರದಿಂದ ಗಾಡಿ ತಂದಿದ್ದ ಮುಸ್ತಫಾ ತಲೆ ಹೊರಹಾಕಿದ. "ಸರೀರಿ ಯವ್ವಾ. ರಸ್ತೆ ಭರ್ತಿಗೆ ಬೂದಿ ಬೇಕಾಗ್ಯದ. ಹೆದರಬ್ಯಾಡ್ರಿ, ಪೂಜಿ ಆಗ್ಯದ."

ಕೊಡೇಕಲ್ ರಸ್ತೆಯ ಪಕ್ಕದ ಆ ದಿಬ್ಬ ರಾಕ್ಷಸನನ್ನು ಸುಟ್ಟ ಬೂದಿಯೆಂದು ಊರು ನಂಬಿತ್ತು. ಆ ಭಯಕ್ಕೇ ಈವರೆಗೆ ಊರವರೊಬ್ಬರೂ ಅಲ್ಲಿಂದ ಒಂದು ಬುಟ್ಟಿ ಬೂದಿ ಒಯ್ದಿರಲಿಲ್ಲ. ಗುತ್ತಿಗೆದಾರ ತಿರುಪತಿ ಬೆಳಿಗ್ಗೆ ಐದು ಕಾಯಿ ಒಡೆಸಿ ಆ ಭಯವನ್ನೇ ತೆಗೆದುಬಿಟ್ಟಿದ್ದ.

ದೂರದಲ್ಲೇ ನಿಂತಿದ್ದ ಮಾವ ದೇವಿಂದ್ರಪ್ಪ ಶಂಕ್ರಮ್ಮನನ್ನು ಕೈಸನ್ನೆ ಮಾಡಿ ಕರೆದು ಪಿಸುಗುಟ್ಟಿದ. "ಮೈಮ್ಯಾಲ ಬಂದಂಗ ಮಾಡು. ಕೂದಲ ಬಿಚ್ಚಿ ಒಮ್ಮಿ ಚೀರು ಸಾಕು. ಈ ಹುಡುಗ ಗಾಡಿ ಬಿಟ್ಟು ಓಡ್ತಾನ."

ಓಡುತ್ತಿದ್ದ, ಅನುಮಾನವಿರಲಿಲ್ಲ. ಆದರೆ ಶಂಕ್ರಮ್ಮನಿಗೆ ಬೇರೆಯದು ಗೊತ್ತಿತ್ತು. ಹತ್ತೊಂಬತ್ತರ ಸೊಸೆಯಾಗಿದ್ದಾಗ, ದಿಬ್ಬ ಅಗೆಯಲು ಬಂದ ಸಂಶೋಧಕರ ಬಳಿ ಅವಳು ಎರಡು ಬೇಸಿಗೆ ಕೂಲಿ ಮಾಡಿದ್ದಳು. ಮಣ್ಣು ಗುಡಿಸುತ್ತಿದ್ದ ಅವಳ ಕುಂಚದ ಕೆಳಗೇ ದನದ ಗೊರಸಿನ ಗುರುತೊಂದು ಎದ್ದಿತ್ತು. ಇದು ನಾಲ್ಕು ಸಾವಿರ ವರ್ಷದ ಹಿಂದೆ ರಾತ್ರಿ ದನ ಕೂಡುತ್ತಿದ್ದ ದಡ್ಡಿ, ಈ ಬೂದಿಯೆಲ್ಲ ಸುಟ್ಟ ಸಗಣಿ ಎಂದು ಅಲ್ಲಿದ್ದ ಮೇಡಂ ಹೇಳಿದ್ದರು. ಮನೆಗೆ ಬಂದು ಹೇಳಿದರೆ ಅತ್ತೆ ನಕ್ಕಿದ್ದಳು: "ಸಗಣಿ ಬಾಚೋಳಿಗೆ ಎಲ್ಲಾ ಸಗಣೀನ ಕಾಣತದ." ಅಂದು ಮುಚ್ಚಿದ ಬಾಯಿಯನ್ನು ಮೂವತ್ತು ವರ್ಷ ತೆರೆದಿರಲಿಲ್ಲ.

"ಒಲ್ಲೆ ಮಾವ," ಎಂದಳು, ಎಲ್ಲರಿಗೂ ಕೇಳುವಂತೆ. "ಇವತ್ತು ನಾ ಸುಳ್ಳು ಚೀರಿದ್ರ ನಾಳಿ ಆ ತಿರುಪತಿ ಹತ್ತು ಕಾಯಿ ಒಡೀತಾನ."

ಬಕೆಟ್ ಕೆರೆದಲ್ಲಿ ದಿಬ್ಬದ ಒಳಮೈ ಪದರು ಪದರಾಗಿ ತೆರೆದುಕೊಂಡಿತ್ತು. ಶಂಕ್ರಮ್ಮ ಮಂಡಿಯೂರಿ, ತಳದ ಗಟ್ಟಿ ನೆಲವನ್ನು ಸೆರಗಿನಿಂದ ಮೆಲ್ಲಗೆ ಒರೆಸತೊಡಗಿದಳು. ಹೊತ್ತು ಹಿಡಿಯಿತು. ಮುಸ್ತಫಾ ಎರಡು ಸಲ ಹಾರ್ನ್ ಬಾರಿಸಿದ. ಅವಳು ತಲೆಯೆತ್ತಲಿಲ್ಲ.

"ಇಳದು ಬಾ ತಮ್ಮಾ. ಇಲ್ಲಿ ಕೈ ಇಡು."

ಮನೆಯಲ್ಲಿ ಎಮ್ಮೆ ಸಾಕಿದ ಹುಡುಗ ಅವನು. ಬೆರಳಿಟ್ಟ ಕೂಡಲೇ ಗುರುತು ಹಿಡಿದ. "ಕರುವಿನ ಗೊರಸಲ್ಲೇನ್ರಿ ಇದು?"

"ಹೌದು. ರಾಕ್ಷಸ ಗೀಕ್ಷಸ ಯಾರೂ ಇದ್ದಿಲ್ಲ ಇಲ್ಲಿ. ದನಾ ಸಾಕಿ ಬದಕಿದ ಮಂದಿ ಇದ್ರು, ನಿನ್ನಂಗ, ನನ್ನಂಗ. ಈಗ ತುಂಬಿಕೊಂಡು ಹೋಗತಿ ಅಂದ್ರ ನನ್ನ ಮ್ಯಾಲ ಹಾಯಿಸಿಕೊಂಡು ಹೋಗು."

ಅಷ್ಟರಲ್ಲಿ ಮುಸ್ತಫಾನ ಫೋನ್ ಬಡಿದುಕೊಂಡಿತು. ಆ ಕಡೆ ತಿರುಪತಿ ಕೂಗಿದ್ದು ಮೂವರಿಗೂ ಕೇಳಿಸಿತು. "ಬೂದಿ ಯಾಕ ಇನ್ನಾ ಬಂದಿಲ್ಲ? ಯಾರರ ದೆವ್ವ ಅಂದ್ರೇನು? ಇನ್ನೊಂದು ಕಾಯಿ ಒಡಿ!"

"ದೆವ್ವ ಇಲ್ಲ ಅನ್ನಾಕತ್ತಾರ್ರಿ," ಎಂದ ಮುಸ್ತಫಾ. "ಅದಕ್ಕ ಏನು ಒಡೀಬೇಕ್ರಿ?"

ಬೈಗುಳ ಸುರಿಯಿತು. ನಾಳೆ ಬೇರೆಯವನನ್ನು ಕಳಿಸುವುದಾಗಿ ತಿರುಪತಿ ಫೋನ್ ಇಟ್ಟ. ಮುಸ್ತಫಾ ಬಕೆಟ್ಟಿನಲ್ಲಿ ತುಂಬಿದ್ದ ಬೂದಿಯನ್ನು ಅಲ್ಲೇ ಸುರಿದು ಗಾಡಿ ಹಿಂದೆ ತಿರುಗಿಸಿದ.

"ನಾಳಿ ಬರವನಿಗೆ ಏನು ಮಾಡ್ತಿ?" ದೇವಿಂದ್ರಪ್ಪ ಕೇಳಿದ.

"ಎರಡು ನೂರು ಕುರಿ ಮ್ಯಾಲ ಹೆಂಗ ಗಾಡಿ ಹಾಯಸ್ತಾನ ನೋಡತೀನಿ. ದಿಬ್ಬ ಉಳಸ್ರಿ ಅಂತ ನಾಳಿಂದ ಸುರಪುರದ ಸರ್ಕಾರಿ ಆಫೀಸಿಗೂ ತಿರಗತೀನಿ."

ಹೊತ್ತು ಮುಳುಗುವ ಮೊದಲೇ ಅವಳು ಹಿಂಡನ್ನು ದಿಬ್ಬದ ಮೇಲೆ ಹೊಡೆದಳು. ರಾತ್ರಿ ಕುರಿ ಕೂಡಲು ಸುತ್ತ ಕಟ್ಟುವ ಬಲೆಯ ಒಂದು ತುದಿ ಹಿಡಿಯಲು ಜನ ಬೇಕಿತ್ತು. ಎಪ್ಪತ್ತು ವರ್ಷದಲ್ಲಿ ಒಮ್ಮೆಯೂ ಅಲ್ಲಿ ಕಾಲಿಡದ ದೇವಿಂದ್ರಪ್ಪ ಅಂಚಿನಲ್ಲಿ ತುಸು ಹೊತ್ತು ನಿಂತ. ಬಗ್ಗಿ ಚಪ್ಪಲಿಗೆ ಕೈ ಹಾಕಿದ.

"ಹಾಕ್ಕೊಂಡೇ ಬಾ ಮಾವ," ಮೇಲಿನಿಂದ ಶಂಕ್ರಮ್ಮ ಕೂಗಿದಳು. "ದಡ್ಡಿಗೆ ಬರಾಕ ಯಾರರ ಚಪ್ಪಲಿ ಬಿಡತಾರೇನು?"