ಟಿಲ್ಡಾಳ ಕಪಾಟು

ಎರ್ನ್ ಕಪಾಟಿನ ಮುಂದೆ ಮೊಣಕಾಲೂರಿ ಕೂತ. ಜೇಬಿನಿಂದ ಕನ್ನಡಕ ತೆಗೆದು ಮೂಗಿಗೇರಿಸಿದ. ಹಿಂದೆ ನಿಂತಿದ್ದ ಡಾರ್ಸಿ ಚಹಾದ ಕಪ್ಪನ್ನು ಕಿಟಕಿಯ ಕಟ್ಟೆಯ ಮೇಲಿಟ್ಟ.

ಡೆವನ್‌ಪೋರ್ಟಿನ ಆ ಮನೆಯಲ್ಲಿ ಮದುವೆಗೆ ಬಂದವರೆಲ್ಲ ಹಿತ್ತಿಲಲ್ಲಿದ್ದರು. ಒಳಗೆ ಮೂವರೇ: ಮದುಮಗಳು ಟಿಲ್ಡಾ, ಅವಳ ಚಿಕ್ಕಪ್ಪ ಎರ್ನ್, ಮಲತಂದೆ ಡಾರ್ಸಿ. ಎರ್ನ್ ನಲವತ್ತು ವರ್ಷ ದೋಣಿ ಕಟ್ಟಿದವನು. ಮರದ ವಿಷಯದಲ್ಲಿ ಅವನ ಕಣ್ಣಿಗೆ ಮಣ್ಣೆರಚುವುದು ಆಗದ ಮಾತು. ಡಾರ್ಸಿ ಬಸ್ ಡ್ರೈವರ್.

"ನಮ್ಮಪ್ಪಂಗೋಸ್ಕರ ನೀನೇ ತಂದು ಶೆಡ್ಡಲ್ಲಿ ಜೋಡಿಸಿಟ್ಟಿದ್ಯಲ್ಲ ಚಿಕ್ಕಪ್ಪ, ಅದೇ ಬ್ಲ್ಯಾಕ್‌ವುಡ್," ಎಂದಳು ಟಿಲ್ಡಾ, ಡಾರ್ಸಿಯ ಕಡೆ ಕೈ ತೋರಿಸಿ. "ಯಾರ ಸಹಾಯನೂ ಇಲ್ದೆ ಇವರೊಬ್ರೇ ಮಾಡಿದ್ದಾರೆ ನೋಡು."

ಅಷ್ಟರಲ್ಲಿ ಫೋಟೋದವನು ಕರೆದ. ಅವಳು ಲಂಗ ಎತ್ತಿಕೊಂಡು ಹೊರಗೆ ಓಡಿದಳು.

ಟಿಲ್ಡಾಳ ಅಪ್ಪ ಹ್ಯಾಲ್ ತೀರಿಕೊಂಡಾಗ ಅವಳಿಗೆ ಆರು ವರ್ಷ. ಆಸ್ಪತ್ರೆ ಸೇರುವ ಮೊದಲೇ ಅವನು ಬ್ಲ್ಯಾಕ್‌ವುಡ್ ಎಂಬ ಬೆಲೆಬಾಳುವ ಕಪ್ಪುಗೆಂಪು ಮರ ಕೊಂಡು, ಮಗಳ ಮದುವೆಗೆ ಕಪಾಟು ಆಗಲಿ ಎಂದು ತಮ್ಮ ಎರ್ನ್‌ಗೆ ಒಪ್ಪಿಸಿದ್ದ. ಎರ್ನ್ ತಂದಿಟ್ಟ ಹಲಗೆಗಳು ಹದಿನೆಂಟು ವರ್ಷ ಟಿಲ್ಡಾಳ ಮನೆಯ ಶೆಡ್ಡಿನಲ್ಲಿ ಒಣಗಿದವು. ನಡುವೆ ಅವಳ ತಾಯಿಯನ್ನು ಮದುವೆಯಾಗಿ ಬಂದ ಡಾರ್ಸಿ ಒಂದು ಕ್ರಿಸ್‌ಮಸ್ ಊಟದಲ್ಲಿ, ಎರಡು ಗ್ಲಾಸ್ ಬಿಯರ್ ಒಳಗಿಳಿದ ಧೈರ್ಯದಲ್ಲಿ, "ಆ ಕಪಾಟು ನಾನೇ ಮಾಡ್ತೀನಿ" ಎಂದುಬಿಟ್ಟ.

ಮಾಡಲು ಹೊರಟದ್ದೂ ನಿಜ. ಹಲಗೆಗಳನ್ನು ಎರಡೆರಡಾಗಿ ಕಂಕುಳಲ್ಲಿ ಇರುಕಿಕೊಂಡು ಬೆಳಕಿಗೆ ತಂದ. ಉಜ್ಜುಗೊರಡು ಒಂದು ಸಲ ಹರಿಯಿತು. ಕಪ್ಪುಗೆಂಪು ಸಿಪ್ಪೆ ಸುರುಳಿಯಾಗಿ ಬಿತ್ತು. ಕೆಳಗೆ ಬಿಳಿ. ಇನ್ನೊಂದು ಹಲಗೆ ಉಜ್ಜಿದ, ಅಲ್ಲೂ ಬಿಳಿ. ಹದಿನೆಂಟು ವರ್ಷ ಕೂತು ಏರಿದ ಬಣ್ಣವನ್ನು ತಾನು ಹತ್ತು ನಿಮಿಷದಲ್ಲಿ ಕೆತ್ತಿ ಹಾಕಿದೆ ಎಂದುಕೊಂಡ. ಸತ್ತವನ ಒಂದೇ ಒಂದು ಆಸೆ ತನ್ನ ಕೈಯಲ್ಲಿ ಹಾಳಾಯಿತು. ಯಾರನ್ನು ಕೇಳುವುದು? ಕೇಳಿದರೆ ಹಾಳು ಮಾಡಿದ್ದನ್ನು ತಾನೇ ಹೇಳಿದ ಹಾಗೆ. ಒಂದೊಂದೇ ತುಂಡು ಮಾಡಿ ಒಲೆಗೆ ಹಾಕಿದ.

ಆಮೇಲೆ ಲಾನ್ಸೆಸ್ಟನ್‌ಗೆ, ಯಾರೂ ಪರಿಚಯದವರು ಸಿಗದ ಪೀಠೋಪಕರಣದ ಅಂಗಡಿಗೆ ಹೋದ.

"ಇದು ಓಕ್ ನೋಟ, ಇದು ವಾಲ್‌ನಟ್, ಇದು ಬ್ಲ್ಯಾಕ್‌ವುಡ್ ನೋಟ," ಎಂದು ಅಂಗಡಿಯ ಹುಡುಗಿ ತೋರಿಸಿದಳು. "ಒಳಗೆ ಎಲ್ಲಾ ಒಂದೇ ಅಂಕಲ್. ಮರದ ಪುಡಿ, ಅಂಟು. ಮೇಲೆ ಮರದ ಚಿತ್ರ ಅಚ್ಚು ಹಾಕಿರೋ ಕಾಗದ. ನಿಜವಾದ ಮರನೇ ಬೇಕಂದ್ರೆ ಪೈನ್ ಇದೆ, ಆದ್ರೆ ಬಿಳಿ. ಬಣ್ಣ ನೀವೇ ಬಳ್ಕೋಬೇಕು."

ಬಿಳಿ ಎಂಬ ಮಾತೇ ಅವನಿಗೆ ಚುಚ್ಚಿತು. ಕಾಗದದ್ದನ್ನೇ ಕೊಂಡ. ಕಪಾಟಿನ ಬಿಡಿಭಾಗಗಳ ಚಪ್ಪಟೆ ಡಬ್ಬ ಕಾರಿನಲ್ಲಿ ಕಂಬಳಿ ಹೊದ್ದು ಮನೆಗೆ ಬಂತು. ಮೂರು ವಾರ ಅವನು ಶೆಡ್ಡಿನ ಬಾಗಿಲು ಹಾಕಿಕೊಂಡು, ಹೆಂಡತಿಗೆ ಗರಗಸದ ಸದ್ದು ಕೇಳಲಿ ಎಂದು ಹಳೇ ಬೇಲಿಕಂಬ ಕೊಯ್ಯುತ್ತಾ ಕೂತ. ಕಪಾಟು ಜೋಡಿಸಲು ಹಿಡಿದದ್ದು ಒಂದೇ ಮಧ್ಯಾಹ್ನ. ಹಿತ್ತಾಳೆಯ ಹಿಡಿ ಹಾಕಿ, ಅಂಚುಗಳಿಗೆ ಮೇಣ ಒತ್ತಿದ.

ಟಿಲ್ಡಾ ನೋಡಿ ಬಾಯಿ ಮುಚ್ಚಿಕೊಂಡಳು. ಹನ್ನೊಂದು ವರ್ಷ "ಡಾರ್ಸಿ" ಎಂದೇ ಕರೆದವಳು ಅಂದು "ಅಪ್ಪಾ" ಎಂದಳು. ಆ ಪದ ಕಿವಿಗೆ ಬಿದ್ದಂದಿನಿಂದ ಅವನಿಗೆ ಸರಿಯಾಗಿ ಊಟ ಸೇರಿಲ್ಲ.

ಈಗ ಎರ್ನ್ ಕಪಾಟಿನ ಅಡಿಗೆ ಬೆರಳು ತೂರಿಸಿದ್ದ.

"ಹಲಗೆ ಕೊಯ್ದಿದ್ದು ನೀನೊಬ್ಬನೇನಾ?"

"ಹೂಂ."

"ಬೇರೆ ಯಾರೂ ನೋಡ್ಲಿಲ್ಲ?"

"ಇಲ್ಲ."

"ಉಳಿದ ತುಂಡು?"

"ಒಲೆಗೆ ಹಾಕ್ದೆ."

"ಚೆನ್ನಾಗಿ ಉರೀತಾ?"

"ಭರ್ರಂತ."

ಎರ್ನ್ ತಲೆಯಾಡಿಸಿದ. ಅವನ ಉಗುರಿನಡಿ ಮರದ ಪುಡಿ ಬಂದಿತ್ತು. ಎರಡು ಬೆರಳ ನಡುವೆ ಅದನ್ನು ಹೊಸಕಿ ನೋಡಿದ. ಡಾರ್ಸಿಯ ಮುಖಕ್ಕೆ ಬಿಸಿ ಏರಿತು.

ಟಿಲ್ಡಾ ಗಂಡನನ್ನು ಎಳೆದುಕೊಂಡು ಬಾಗಿಲಿಗೆ ಬಂದಳು. "ಹೇಗಿದೆ ಚಿಕ್ಕಪ್ಪಾ? ಸುಳ್ಳು ಹೇಳ್ಬಾರ್ದು!"

ಎರ್ನ್ ನಿಧಾನವಾಗಿ ಎದ್ದ. ಪುಡಿಯನ್ನು ಕೋಟಿನ ಜೇಬಿಗೆ ಹಾಕಿಕೊಂಡ.

"ನಿಮ್ಮಪ್ಪನ ಮರದ ಮರ್ಯಾದೆ ಉಳಿಸಿದ್ದಾನಮ್ಮ, ನಿನ್ನ ಡಾರ್ಸಿ."

"ಡಾರ್ಸಿ ಅಲ್ಲ, ಅಪ್ಪ," ಎಂದು ನಕ್ಕು ಅವಳು ಗಂಡನನ್ನು ಕೇಕಿನ ಕಡೆ ಎಳೆದೊಯ್ದಳು.

ಎರ್ನ್ ಡಾರ್ಸಿಯ ತೋಳು ಹಿಡಿದು ಮನೆಯ ಪಕ್ಕಕ್ಕೆ, ನೀರಿನ ಟ್ಯಾಂಕಿನ ಹಿಂದಕ್ಕೆ ಕರೆತಂದ. ಹುಡುಗಿಯ ಎದುರು ಬಿಟ್ಟದ್ದನ್ನು ಇಲ್ಲಿ ಉಗಿಯುತ್ತಾನೆ ಎಂದು ಡಾರ್ಸಿಗೆ ಖಾತ್ರಿಯಾಯಿತು. ಉಗಿಯಲಿ. ಅವನೇ ಮೊದಲು ಬಾಯಿ ತೆರೆದ.

"ಎರ್ನ್, ಅದು ಕಾಗದ. ಅಂಗಡಿದು. ಆ ಹಲಗೆಗಳನ್ನ ನಾನು..."

"ಹೇಳ್ಬೇಡ ಮಾರಾಯ. ಬೆರಳಿಟ್ಟ ತಕ್ಷಣ ಎಲ್ಲಾ ಅರ್ಥ ಆಯ್ತು." ಎರ್ನ್ ಟೋಪಿ ತೆಗೆದು ಕೈಯಲ್ಲಿ ಹಿಡಿದ. ಅವನ ಕಣ್ಣು ಬೂಟಿನಿಂದ ಮೇಲೇಳಲಿಲ್ಲ; ಕಿವಿಗಳು ಕೆಂಪಾಗಿದ್ದವು. "ಇವತ್ತು ಎಲ್ಲರೆದುರು ನನ್ನ ಮಾನ ಹೋಗುತ್ತೆ ಅಂದ್ಕೊಂಡೇ ಬಂದಿದ್ದೆ."

"ನಿನ್ನ ಮಾನ?"

"ಹ್ಯಾಲ್ ಆಸ್ಪತ್ರೆಲಿದ್ದಾಗ್ಲೇ ಅವನ ಬ್ಲ್ಯಾಕ್‌ವುಡ್ಡನ್ನ ನಾನು ಯಾರದೋ ದೋಣಿಗೆ ಹಾಕಿ ಮುಗಿಸ್ಬಿಟ್ಟಿದ್ದೆ, ನಿಮ್ಮ ಶೆಡ್ಡಲ್ಲಿಟ್ಟಿದ್ದು ಬಣ್ಣ ಬಳಿದ ಪೈನು, ಉಜ್ಜುಗೊರಡು ಹಾಕಿದ ದಿನವೇ ನಿಂಗೆ ಗೊತ್ತಾದ್ರೂ ಆ ಹುಡುಗಿಗೆ ಒಂದು ಮಾತೂ ಹೇಳ್ದೆ ನನ್ನ ಕಳ್ಳತನ ಮುಚ್ಚಿಟ್ಟೆಯಲ್ಲೋ."