ಮೂರನೆಯ ದಿನದ ನಗು

ಪುಸ್ತಕದ ನೂರ ಹನ್ನೆರಡನೆಯ ಪುಟದಲ್ಲಿ ಬೆರಳಿಟ್ಟುಕೊಂಡೇ ನೆಯ್ದಾ ಊರ ಸಭೆಗೆ ಬಂದಳು. ಬೆಂಚುಗಳೆಲ್ಲ ತುಂಬಿದ್ದವು. ಪ್ರೊಫೆಸರ್ ಥಿಯೋಡೋರ್ ಲುಂಡ್ ಎಲ್ಲರಿಗಿಂತ ಮುಂದೆ ಕೂತು, ಸೋರೆಬುರುಡೆಯಲ್ಲಿ ಕೊಟ್ಟ ಮರಗೆಣಸಿನ ಕಳ್ಳು ಮಸಾತೊವನ್ನು ಗುಟುಕರಿಸುತ್ತ ಪಕ್ಕದವರೊಡನೆ ಅವರದೇ ನುಡಿಯಲ್ಲಿ ಹರಟುತ್ತಿದ್ದರು. ಮೂವತ್ತೊಂದು ವರ್ಷದಿಂದ ಬಂದು ಹೋಗುತ್ತಿದ್ದ ಅವರು ಊರಿನ ಮಕ್ಕಳಿಗೆಲ್ಲ ತೆಯೋ ಮಾವ. ಈ ಸಲ ಇಬ್ಬರು ಶಿಷ್ಯರನ್ನು ಕರೆತಂದಿದ್ದರು. ಆ ಇಬ್ಬರೂ ಮೂರು ವರ್ಷ ಇಲ್ಲೇ ಉಳಿದು ಇಲ್ಲಿನ ಜನಜೀವನದ ಅಧ್ಯಯನ ಮುಂದುವರಿಸಲು ಊರಿನ ಒಪ್ಪಿಗೆ ಬೇಕಿತ್ತು. ಪತ್ರ ಸಿದ್ಧವಾಗಿತ್ತು; ಮುಖ್ಯಸ್ಥ ಕ್ಲೆಮೆಂತೆ ಮೊಹರನ್ನು ಶಾಯಿಗೆ ಒತ್ತಿಯೂ ಆಗಿತ್ತು.

ಒಪ್ಪಿಗೆಗೆ ಮುಂಚೆ ಒಂದು ಪುಟ ಓದಬೇಕು ಎಂದಳು ನೆಯ್ದಾ. ಅವಳು ಊರ ಶಾಲೆಯ ಟೀಚರು. ಪ್ರೊಫೆಸರರಿಗೆ ವರ್ಷಗಳ ಹಿಂದೆಯೇ ಹೆಸರು, ಹುದ್ದೆ ಎರಡನ್ನೂ ತಂದುಕೊಟ್ಟ ಪುಸ್ತಕ ಈಗಷ್ಟೇ ಸ್ಪ್ಯಾನಿಷ್‌ಗೆ ಬಂದಿತ್ತು. ಮೊನ್ನೆ ಅವರೇ ಅದನ್ನು ಪ್ರೀತಿಯಿಂದ ಸಹಿ ಹಾಕಿ ಅವಳ ಶಾಲೆಗೆ ಕೊಟ್ಟಿದ್ದರು. 'ಅಳದ ತಾಯಂದಿರು: ಅಮೆಜಾನಿನ ಸಮಾಜವೊಂದರ ನಡವಳಿಕೆ' ಎಂಬ ಅಧ್ಯಾಯವನ್ನು ನೆಯ್ದಾ ಎರಡು ದಿನದಲ್ಲಿ ನಾಲ್ಕು ಸಲ ಓದಿದ್ದಳು. ಈಗ ಒಂದೊಂದೇ ವಾಕ್ಯವನ್ನು ತಮ್ಮ ನುಡಿಗೆ ತಂದು ಹೇಳತೊಡಗಿದಳು.

"'ಎ.' ಎಂಬ ಹೆಂಗಸಿನ ಏಳು ತಿಂಗಳ ಹೆಣ್ಣುಮಗು ಜ್ವರದಿಂದ ಸತ್ತಿತು. ಕಾಲುಗಂಟೆಗೊಮ್ಮೆ ಗಮನಿಸಿ ದಾಖಲಿಸಿದ ಹತ್ತು ದಿನಗಳಲ್ಲಿ ತಾಯಿ ಒಮ್ಮೆಯೂ ಅಳಲಿಲ್ಲ. ಮೂರನೆಯ ದಿನ ಮರಗೆಣಸು ಸುಲಿಯುತ್ತ ಜೋರಾಗಿ ನಕ್ಕಳು. ನಡೆಯಲು ಕಲಿಯದ ಕೂಸಿನ ಮೇಲೆ ಈ ಜನರಲ್ಲಿ ಮಮತೆ ಇನ್ನೂ ಬೇರೂರಿರುವುದಿಲ್ಲ."

ಪ್ರೊಫೆಸರ್ ಮೊದಲ ಸಲ ಬಂದಿದ್ದ ಆ ವರ್ಷ ಊರಿನಲ್ಲಿ ಏಳು ತಿಂಗಳ ಕೂಸು ಸತ್ತದ್ದು ಒಂದೇ ಮನೆಯಲ್ಲಿ. ಎಲ್ಲರೂ ಹಿಂದಿನ ಬೆಂಚಿನತ್ತ, ನೆಯ್ದಾಳ ತಾಯಿ ಎರ್ಮಿಲಾಳತ್ತ ತಿರುಗಿದರು. ಪ್ರೊಫೆಸರ್ ಗಲಿಬಿಲಿಗೊಳ್ಳಲಿಲ್ಲ. ಇದು ಯಾರನ್ನೂ ದೂರುವ ಮಾತಲ್ಲ, ಕೂಸುಗಳು ಹೆಚ್ಚಾಗಿ ಸಾಯುವ ಕಡೆ ಮನಸ್ಸು ತನ್ನನ್ನು ಹೀಗೇ ಕಾಪಾಡಿಕೊಳ್ಳುತ್ತದೆ, ಅದಕ್ಕೇ ಯಾರ ಹೆಸರನ್ನೂ ಹಾಕಿಲ್ಲ ಎಂದು ತಾಳ್ಮೆಯಿಂದ ತಿಳಿಹೇಳಿದರು.

"ನಮ್ಮಮ್ಮನ ಹೆಸರು ಮುಚ್ಚಿಟ್ಟು, ಆ ನಗುವನ್ನ ಊರಿನ ತಾಯಂದಿರೆಲ್ಲರ ತಲೆಗೂ ಕಟ್ಟಿದ್ದೀರಲ್ಲ ಮಾವ," ಎಂದಳು ನೆಯ್ದಾ. ಹೋದ ವರ್ಷ ಪಟ್ಟಣದ ಆಸ್ಪತ್ರೆಗೆ ಜ್ವರದ ಕೂಸನ್ನು ಎತ್ತಿಕೊಂಡು ಹೋದ ತನ್ನ ಗೆಳತಿಯ ಕತೆಯನ್ನು ಅವಳು ಹೇಳಿದಳು. ಎಳೆಯ ಡಾಕ್ಟರು ಅವಳನ್ನು ಸಾಲಿನ ಕೊನೆಗೆ ಕಳಿಸಿದ್ದ. ಕೂಸು ಹೋದರೆ ನಿಮ್ಮವರಿಗೆ ಅಷ್ಟೇನೂ ಅನ್ನಿಸುವುದಿಲ್ಲವಂತಲ್ಲ, ಕಾಲೇಜಿನಲ್ಲಿ ಪಾಠವಿತ್ತು ಎಂದಿದ್ದ. ಆ ಪಾಠ ಎಲ್ಲಿಂದ ಬಂತೆಂದು ನೆಯ್ದಾಳಿಗೆ ಮೊನ್ನೆಯವರೆಗೂ ಗೊತ್ತಿರಲಿಲ್ಲ.

ಪ್ರೊಫೆಸರರ ಮುಖ ಮೊದಲ ಸಲ ಬಿಗಿಯಾಯಿತು. "ನಾನು ಕಂಡದ್ದನ್ನ ಬರೆದೆ, ನೆಯ್ದಾ. ಕಾಣದ್ದು ಒಂದಕ್ಷರ ಬರೆದಿಲ್ಲ. ಅವತ್ತು ನಕ್ಕಿದ್ದು ಸುಳ್ಳಾ? ನಿಮ್ಮಮ್ಮ ಇಲ್ಲೇ ಇದ್ದಾಳೆ, ಕೇಳು."

"ಸುಳ್ಳಲ್ಲ. ನಕ್ಕೆ," ಎಂದು ಎರ್ಮಿಲಾ ಎದ್ದು ನಿಂತಳು. ಊರಿನಲ್ಲಿ ಅವಳು ಸಭೆಯ ನಡುವೆ ಮಾತಾಡಿದ್ದನ್ನು ಯಾರೂ ಕಂಡಿರಲಿಲ್ಲ. ಅಳು ಬಂದಾಗಲೆಲ್ಲ ತೋಟಕ್ಕೆ ಹೋಗಿಬಿಡುತ್ತಿದ್ದೆ ಎಂದಳು. ಆಗ ಮನೆಯಲ್ಲಿ ಪರದೇಶದ ಹುಡುಗ, ಈ ತೆಯೋ, ಇದ್ದ. ಅವನ ಮುಂದೆ ಅತ್ತರೆ ಹೆದರಿಕೊಂಡಾನು ಅಂತ. ತೋಟಕ್ಕೆ ಹೋದ ಹೆಂಗಸರ ಹಿಂದೆ ಹೋಗುವುದು ಮರ್ಯಾದೆಯಲ್ಲವೆಂದು ಗಂಡಸರು ಅವನಿಗೆ ಮೊದಲೇ ಹೇಳಿದ್ದರು. ನೆಯ್ದಾ ಪುಟ ತಿರುವಿ ಆ ಕಾಲುಗಂಟೆ ದಾಖಲೆಯ ಪಟ್ಟಿ ನೋಡಿದಳು. ಆ ಹತ್ತು ದಿನಗಳಲ್ಲಿ ಎ. ಎಂಬ ಹೆಂಗಸು ದಿನಕ್ಕೆ ಐದು ಗಂಟೆ 'ತೋಟದ ಕೆಲಸ' ಮಾಡಿದ್ದಳು. ಬೇರೆ ಹೆಂಗಸರು ಮಾಡಿದ್ದು ಎರಡು ಗಂಟೆ.

"ಮೂರನೇ ದಿನ ನೀನು ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ," ಎರ್ಮಿಲಾ ಈಗ ನೇರ ಅವರನ್ನೇ ನೋಡಿ ಮಾತಾಡುತ್ತಿದ್ದಳು. "ಕಂಬಕ್ಕೆ ಒರಗಿ ಕೂತಿದ್ದೆ. ಅತ್ತು ಅತ್ತು ನಿನ್ನ ಕಣ್ಣು ಕೆಂಪಗಾಗಿತ್ತು. ನಿನಗಾಗ ಇಪ್ಪತ್ತೈದೋ ಇಪ್ಪತ್ತಾರೋ. ಅಯ್ಯೋ ಪಾಪ, ನನ್ನ ಮಗೂಗೋಸ್ಕರ ಈ ಹುಡುಗ ಇಷ್ಟು ಸಂಕಟ ಪಡ್ತಿದಾನಲ್ಲ ಅನ್ನಿಸ್ತು. ಸಮಾಧಾನ ಮಾಡೋಕೆ ನಿನ್ನ ತಾಯಿ ಹತ್ರ ಇಲ್ಲ. ಅದಕ್ಕೇ ನಾನೇ ಏನೋ ತಮಾಷೆ ಮಾಡಿ ನಕ್ಕೆ. ನೀನೂ ನಕ್ಕೆ. ಆಮೇಲೆ ಮೀನು ತಿಂದೆ."

ಶಿಷ್ಯರಿಬ್ಬರೂ ನೆಲ ನೋಡುತ್ತಿದ್ದರು. ಕ್ಲೆಮೆಂತೆ ಮೊಹರನ್ನು ಅಂಗಿಯ ಚುಂಗಿನಿಂದ ಒರೆಸಿ ಚೀಲಕ್ಕೆ ಹಾಕಿದ. ಪತ್ರವನ್ನು ಎರಡಾಗಿ ಮಡಿಸಿ ಪ್ರೊಫೆಸರರ ಮುಂದೆ ಸರಿಸಿದ.

"ಅದೊಂದು ದಿನಕ್ಕಾಗಿ ಇಷ್ಟು ವರ್ಷ ನಿನ್ನನ್ನ ಒಡಹುಟ್ಟಿದವನ ಹಾಗೆ ನೋಡ್ಕೊಂಡೆ," ಎಂದಳು ಎರ್ಮಿಲಾ. "ಈಗ ಹೇಳು. ಅವತ್ತು ನೀನು ಅತ್ತಿದ್ದು ಯಾರಿಗೋಸ್ಕರ?"

ಹತ್ತಿರದಲ್ಲೇ ನಿಂತಿದ್ದ ನೆಯ್ದಾ ಪ್ರೊಫೆಸರರ ಮುಖ ನೋಡಿದಳು. ಅವರು ಉತ್ತರವನ್ನು ಬಚ್ಚಿಡುತ್ತಿರಲಿಲ್ಲ. ಹುಬ್ಬು ಗಂಟಿಕ್ಕಿಕೊಂಡು, ನಿಜವಾಗಿಯೂ ನೆನಪು ಮಾಡಿಕೊಳ್ಳುತ್ತಿದ್ದರು.