ಉಜ್ಜಿದ ತಟ್ಟೆ

ಮುನಿವೆಂಕಟಮ್ಮನ ಮುಂಗೈ ಮೇಲಿನ ರೋಮಗಳು ಒಮ್ಮೆಲೇ ನೆಟ್ಟಗೆ ಎದ್ದು ನಿಂತವು. ಈಗಷ್ಟೇ ಒರೆಸಿಟ್ಟ ಪ್ಲಾಸ್ಟಿಕ್ ತಟ್ಟೆಯ ಮೇಲೆ ಕೈ ಹಾಯಿಸಿದ್ದಳು, ಅಷ್ಟೆ. ಕೈ ಹಿಂದೆಗೆದಳು, ಮಲಗಿದವು. ಮತ್ತೆ ಚಾಚಿದಳು, ಮತ್ತೆ ಎದ್ದವು. ಹಿಂದೆ ದುಡಿಯುತ್ತಿದ್ದ ದೊಡ್ಡಬಳ್ಳಾಪುರದ ಮಗ್ಗದ ಶೆಡ್ಡಿನಲ್ಲಿ ಪಾಲಿಯೆಸ್ಟರ್ ನೂಲು ಹೀಗೇ ಅವಳ ಕೈಗೆ ಅಂಟಿಕೊಳ್ಳುತ್ತಿತ್ತು.

ಆದರೆ ಇದು ಹಸುಗೂಸುಗಳ ಉಸಿರು ಅಳೆಯುವ ಯಂತ್ರಕ್ಕೆ ಸೂಕ್ಷ್ಮ ಸರ್ಕ್ಯೂಟ್ ಕೂರಿಸಿದ ಉಗುರಿನಷ್ಟು ಸೆರಾಮಿಕ್ ಬಿಲ್ಲೆ ಮಾಡುವ ಕಾರ್ಖಾನೆ. ವಾರದಿಂದ ಅವಳ ಮೇಜು ದಾಟಿದ ಬಿಲ್ಲೆಗಳಷ್ಟೇ ಪರೀಕ್ಷೆಯಲ್ಲಿ ಕೆಡುತ್ತಿದ್ದವು. ಸೋಮವಾರದಿಂದ ಪ್ಯಾಕಿಂಗಿಗೆ ಹೋಗಿ ಎಂದು ಎಂಜಿನಿಯರ್ ಮಂಜೇಶ್ ಬೆಳಿಗ್ಗೆಯೇ ಹೇಳಿದ್ದ. ಧೂಳು ಕೂರಬಾರದೆಂದು ಮನೆಯಿಂದ ನೈಲಾನ್ ಬಟ್ಟೆ ತಂದು ಬಿಲ್ಲೆ ಇಡುವ ತಟ್ಟೆ ಉಜ್ಜತೊಡಗಿ ಅವಳಿಗೂ ಒಂದು ವಾರವೇ ಆಗಿತ್ತು. ಸುಮ್ಮನಿದ್ದರೆ ಅದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ತಿಳಿಯುವ ಆಸೆ ಅವಳ ಭಯಕ್ಕಿಂತ ಮುಂದೆ ಓಡಿತು.

"ಮಂಜೇಶಪ್ಪಾ, ಇಲ್ಬಾ. ಇದ್ರ ಮೇಲೆ ಕೈ ಹಿಡಿ. ಕೂದ್ಲು ಏಳ್ತವಾ?"

ಮಂಜೇಶ್ ಸ್ಥಿರವಿದ್ಯುತ್ ಅಳೆಯುವ ಮೀಟರ್ ತಂದು ತಟ್ಟೆಯ ಮೇಲೆ ಹಿಡಿದ. ಮುಳ್ಳು ಹಾರಿ ಕೊನೆ ಮುಟ್ಟಿತು. "ಉಜ್ಜಿದ್ರೆ ಹುಟ್ಟೋ ಈ ಕರೆಂಟೇ ಬಿಲ್ಲೆ ಸುಡ್ತಿರೋದು. ಯಾರು ಉಜ್ಜಿದ್ದು ಇದನ್ನ?"

"ನಾನೇ ಕಣಪ್ಪಾ. ಕ್ಲೀನಾಗಿರ್ಲಿ ಅಂತ ಉಜ್ಜಿ ಉಜ್ಜಿ ನಾನೇ ಕೆಡಿಸ್ಬಿಟ್ಟೆ."

ಮಂಜೇಶ್ ಮೀಟರನ್ನು ಅವಳ ಅಂಗೈಯಲ್ಲಿಟ್ಟ.

"ನೆಲ ನೋಡ್ದೆ, ಗಾಳಿ ನೋಡ್ದೆ, ತಟ್ಟೆ ಮಾತ್ರ ನೋಡ್ಲಿಲ್ಲ ನಾನು. ಪ್ಯಾಕಿಂಗ್ ಬೇಡ ಬಿಡಿಯಮ್ಮ. ಇನ್ನೂ ಎಲ್ಲೆಲ್ಲಿ ಈ ಕರೆಂಟು ಅಡಗಿದ್ಯೋ, ನೀವೇ ಹುಡುಕಿ."

ಅವಳು ಮೀಟರನ್ನು ಮೊದಲು ತಿರುಗಿಸಿದ್ದು ತನ್ನದೇ ಪಾಲಿಯೆಸ್ಟರ್ ಸೀರೆಯ ಸೆರಗಿನ ಕಡೆಗೆ.